ಬಿಚ್ಚಿಟ್ಟ ಎಂಜಿನ್ ಮತ್ತು ಮಾದರಿಕಾರ

ರೈಲು ಎಂಜಿನ್‌ಗಳ ಮತ್ತು ಬಂಡಿಗಳ ಪುಟ್ಟ ಮಾದರಿಗಳನ್ನು ಅಳತೆಗೆ ತಕ್ಕಂತೆ ಕೈಯಿಂದ ಕಟ್ಟುವ ಹವ್ಯಾಸವು ಯುರೋಪು, ಅಮೆರಿಕ, ಜಪಾನುಗಳಲ್ಲಿ ಬಹುಕಾಲದಿಂದ ಬೆಳೆದುಬಂದಿದ್ದು, ಭಾರತದಲ್ಲಿಯೂ ಅದನ್ನು ಶ್ರದ್ಧೆಯಿಂದ ಕೈಗೊಂಡವರು ಅಲ್ಲಲ್ಲಿ ಇದ್ದಾರೆ. ಇದು ಆಟಿಕೆಯ ಮಾತಲ್ಲ. ಆಟಿಕೆಯ ರೈಲು ನೋಡಲು ರೈಲಿನಂತಿದ್ದರೆ ಸಾಕು. ಮಾದರಿಯಾದರೋ ಯಾವುದೋ ಒಂದು ಗೊತ್ತಾದ ಎಂಜಿನನ್ನು, ಅದು ಒಂದು ಗೊತ್ತಾದ ಕಾಲದಲ್ಲಿ ಹೇಗಿತ್ತೋ ಹಾಗೆ, ಉದ್ದ ಅಗಲ ಎತ್ತರಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ತೋರಿಸಬೇಕು. ಹಾಗೆ ತೋರಿಸಲು ಮೂಲವನ್ನು ನೋಡಿರಬೇಕು. ಮೂಲವನ್ನು ಎಲ್ಲಿ ನೋಡಬೇಕು ಎಂಬುದೇ ಈ ಭಾಷಣದ ವಿಷಯ.

ಮಾದರಿಕಾರರು ಸಾಮಾನ್ಯವಾಗಿ ಓಡುವ ರೈಲನ್ನು ನಿಲ್ದಾಣದ ಕಟ್ಟೆಯಿಂದ ನೋಡುತ್ತಾರೆ, ವಸ್ತುಸಂಗ್ರಹಾಲಯದಲ್ಲಿ ನಿಂತ ಎಂಜಿನನ್ನು ಸುತ್ತಿ ಬರುತ್ತಾರೆ, ಇಲ್ಲವೇ ಹಳೆಯ ನಕ್ಷೆಗಳನ್ನೂ ಛಾಯಾಚಿತ್ರಗಳನ್ನೂ ಮುಂದಿಟ್ಟುಕೊಂಡು ಕೂರುತ್ತಾರೆ. ಮೂರೂ ಬೇಕು. ಆದರೆ ಕಟ್ಟೆಯಿಂದ ಎಂಜಿನ್ನಿನ ಒಂದು ಮಗ್ಗುಲು ಮಾತ್ರ ಕಾಣುತ್ತದೆ, ಸಂಗ್ರಹಾಲಯದಲ್ಲಿ ಬಣ್ಣದ ಮೇಲ್ಮೈ ಮಾತ್ರ ಕಾಣುತ್ತದೆ, ನಕ್ಷೆಯಲ್ಲಿ ಎಂಜಿನ್ ಹೇಗಿರಬೇಕಿತ್ತು ಎಂಬುದು ಕಂಡರೂ ಹೇಗಿತ್ತು ಎಂಬುದು ಕಾಣುವುದಿಲ್ಲ. ಈ ಮೂರರ ಕೊರತೆಯನ್ನೂ ತುಂಬುವ ಸ್ಥಳವೊಂದಿದೆ. ಅದು ಎಂಜಿನನ್ನು ಬಿಚ್ಚಿ, ಸವೆದದ್ದನ್ನು ತೆಗೆದು, ಹೊಸದನ್ನು ಕೂಡಿಸುವ ಕಾರ್ಯಾಗಾರ. ಜಾತ್ರೆಯ ದಿನ ತೇರನ್ನು ಕಂಡವರಿಗೆ ಪತಾಕೆಯೂ ಹೂವಿನ ಸಿಂಗಾರವೂ ನೆನಪಿನಲ್ಲಿ ಉಳಿಯುತ್ತವೆ; ಜಾತ್ರೆ ಮುಗಿದ ಮೇಲೆ ಬರಿದಾಗಿ ನಿಂತ ತೇರಿನ ಗಾಲಿ, ಅಚ್ಚು, ತೊಲೆಗಳನ್ನು ಕಂಡವನಿಗೆ ಅದನ್ನು ಕಟ್ಟಿದ ಬಡಗಿಯ ಲೆಕ್ಕಾಚಾರ ತಿಳಿಯುತ್ತದೆ. ಮಾದರಿಕಾರನಿಗೆ ಬೇಕಾದದ್ದು ಈ ಎರಡನೆಯ ನೋಟ.

ಈ ಮಾತನ್ನು ವಿವರಿಸಲು ಒಂದೇ ಕಾರ್ಯಾಗಾರವನ್ನು ಇಲ್ಲಿ ಆರಿಸಿಕೊಳ್ಳಲಾಗಿದೆ. ಅದರ ಹೆಸರು ಬಾಸ್ಟನ್ ಲಾಡ್ಜ್. ಅದು ಬ್ರಿಟನ್ನಿನ ವೇಲ್ಸ್ ಪ್ರಾಂತದ ವಾಯವ್ಯ ಮೂಲೆಯಲ್ಲಿ, ಪೋರ್ತ್‌ಮಾಡಗ್ ಎಂಬ ಬಂದರೂರಿನ ಹೊರಗೆ ಇದೆ. ಅಲ್ಲಿ ವಿಲಿಯಂ ಮ್ಯಾಡಕ್ಸ್ ಎಂಬ ಜಮೀನುದಾರ, ಕಡಲು ಒಳನುಗ್ಗುತ್ತಿದ್ದ ಅಳಿವೆಗೆ ಅಡ್ಡಲಾಗಿ ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಕಲ್ಲಿನ ಒಡ್ಡನ್ನು ಕಟ್ಟಿಸಿದನು. ಒಡ್ಡು 1811ರಲ್ಲಿ ಮುಗಿಯಿತು. ಅದರ ಒಂದು ತುದಿಯಲ್ಲಿ ಕಲ್ಲು ಒಡೆಯುತ್ತಿದ್ದ ಜಾಗವೂ ಕೂಲಿಗಳು ತಂಗುತ್ತಿದ್ದ ಮನೆಗಳೂ ಇದ್ದವು. ಮ್ಯಾಡಕ್ಸ್ ಇಂಗ್ಲೆಂಡಿನ ಬಾಸ್ಟನ್ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾಗಿದ್ದುದರಿಂದ ಆ ಜಾಗಕ್ಕೆ ಆ ಹೆಸರು ಬಂತು. 1832ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಫೆಸ್ಟಿನಿಯೋಗ್ ರೈಲ್ವೆ ಕಂಪನಿ ಸ್ಥಾಪನೆಯಾಗಿ, 1836ರಲ್ಲಿ ಒಡ್ಡಿನ ಮೇಲೆ ಹಳಿ ಓಡಿದಾಗ, ಕಲ್ಲುಕುಟಿಗರ ಆ ಬೀಡೇ ರೈಲಿನ ಕಾರ್ಯಾಗಾರವಾಯಿತು. ಅಲ್ಲಿ ಕೆಲಸ ಇಂದಿಗೂ ನಡೆಯುತ್ತಿದೆ. ಜಗತ್ತಿನ ಅತಿ ಹಳೆಯ ರೈಲ್ವೆ ಕಾರ್ಯಾಗಾರಗಳಲ್ಲಿ ಅದನ್ನು ಎಣಿಸುತ್ತಾರೆ.

ಆ ರೈಲಿನ ಕೆಲಸವೇನಿತ್ತು? ಬೆಟ್ಟದ ಮೇಲಿನ ಬ್ಲೈನೈ ಫೆಸ್ಟಿನಿಯೋಗ್ ಎಂಬ ಊರಿನ ಗಣಿಗಳಿಂದ, ಮನೆಯ ಸೂರಿಗೆ ಹೊದಿಸುವ ಸ್ಲೇಟು ಕಲ್ಲನ್ನು ಬಂದರಿಗೆ ಇಳಿಸುವುದು. ದಾರಿ ಸುಮಾರು 22 ಕಿಲೋಮೀಟರ್. ಇಳಿತ 200 ಮೀಟರಿಗೂ ಹೆಚ್ಚು. ಇಳಿಜಾರು ಎಲ್ಲಿಯೂ ತಪ್ಪದಂತೆ ಹಳಿಯನ್ನು ಹಾಕಿದ್ದರಿಂದ ತುಂಬಿದ ಬಂಡಿಗಳು ತಮ್ಮ ಭಾರಕ್ಕೆ ತಾವೇ ಉರುಳಿ ಕೆಳಗಿಳಿಯುತ್ತಿದ್ದವು. ಕುದುರೆಗಳು ತಮಗೆಂದೇ ಕಟ್ಟಿದ ಬಂಡಿಯಲ್ಲಿ ನಿಂತು ಅವುಗಳೊಡನೆ ಇಳಿದು, ಬರಿದಾದ ಬಂಡಿಗಳನ್ನು ಮತ್ತೆ ಮೇಲಕ್ಕೆ ಎಳೆಯುತ್ತಿದ್ದವು. 1863ರಲ್ಲಿ ಉಗಿ ಎಂಜಿನ್ ಬಂತು. 1946ರಲ್ಲಿ ರೈಲು ನಿಂತುಹೋಯಿತು. ಉತ್ಸಾಹಿಗಳು ಕೂಡಿ 1955ರಲ್ಲಿ ಒಡ್ಡಿನ ಮೇಲೆ ಅದನ್ನು ಮತ್ತೆ ಓಡಿಸಿ, ದಾರಿಯನ್ನು ಕಂತುಕಂತಾಗಿ ಸರಿಪಡಿಸುತ್ತ 1982ರಲ್ಲಿ ಗಣಿಯೂರನ್ನು ಮುಟ್ಟಿದರು. ಸರಕು ಸಾಗಿಸುವ ಉದ್ದೇಶ ತೀರಿಹೋದ ಮೇಲೂ ಹಳೆಯ ತಂತ್ರವನ್ನು ಉಳಿಸಿಕೊಂಡು ಪ್ರವಾಸಿಗಳಿಗಾಗಿ ಓಡುವ ಇಂಥ ರೈಲನ್ನು ಪಾರಂಪರಿಕ ರೈಲು ಎನ್ನುತ್ತಾರೆ. 2021ರಲ್ಲಿ ಯುನೆಸ್ಕೊ ಆ ಸ್ಲೇಟು ಕಲ್ಲಿನ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ರೈಲೂ ಅದರ ಭಾಗವಾಯಿತು.

ಚರಿತ್ರೆ ಇಷ್ಟು ಸಾಕು. ಮಾದರಿಕಾರನು ಮೂಲವನ್ನು ನೋಡಬೇಕು. ಅದನ್ನು ಬಿಚ್ಚಿದ ಸ್ಥಿತಿಯಲ್ಲಿ ನೋಡಲು ಕಾರ್ಯಾಗಾರವೇ ತಕ್ಕ ಸ್ಥಳ. ಉದಾಹರಣೆಗೆ ಬಾಸ್ಟನ್ ಲಾಡ್ಜನ್ನು ತೆಗೆದುಕೊಂಡದ್ದಾಯಿತು. ಇನ್ನು ಅಲ್ಲಿ ನೋಡಬೇಕಾದದ್ದು ಏನು ಎಂಬ ಪ್ರಶ್ನೆಗೆ ಬರಬಹುದು. ಮೊದಲನೆಯದು ಬಾಯ್ಲರು.

ಉಗಿ ಎಂಜಿನ್ನಿನ ಚಿತ್ರವನ್ನು ಮನಸ್ಸಿಗೆ ತಂದುಕೊಂಡವರಿಗೆ ಮೊದಲು ತೋರುವುದು ಅಡ್ಡಲಾಗಿ ಮಲಗಿದ ಉದ್ದನೆಯ ಉರುಳೆ. ಅದಕ್ಕೆ ಹೊಳೆಯುವ ಬಣ್ಣ ಬಳಿದಿರುತ್ತದೆ. ಅಲ್ಲಲ್ಲಿ ಸುತ್ತ ಪಟ್ಟಿಗಳನ್ನು ಬಿಗಿದಿರುತ್ತದೆ. ಇದೇ ಬಾಯ್ಲರೆಂದೂ, ಪಟ್ಟಿಗಳು ಬಾಯ್ಲರನ್ನು ಬಿಗಿಹಿಡಿದಿವೆಯೆಂದೂ ಹೊಸದಾಗಿ ಕೈಹಾಕಿದವರು ನಂಬುವುದುಂಟು. ಕಾರ್ಯಾಗಾರದಲ್ಲಿ ಆ ನಂಬಿಕೆ ಕಳಚಿಬೀಳುತ್ತದೆ. ಹೊರಗೆ ಕಾಣುವುದು ತೆಳುವಾದ ತಗಡಿನ ಹೊದಿಕೆ ಮಾತ್ರ. ಪಟ್ಟಿಗಳು ಹಿಡಿದಿರುವುದು ಆ ತಗಡನ್ನು. ತಗಡನ್ನು ಬಿಚ್ಚಿದರೆ ಕಾವು ಹೊರಹೋಗದಂತೆ ತಡೆಯುವ ಮೆತ್ತೆಯೊಂದು ಸಿಗುತ್ತದೆ. ಹಿಂದೆ ಅದು ಮರದ ಪಟ್ಟಿಗಳಿಂದಲೋ ಕಲ್ನಾರಿನಿಂದಲೋ ಆಗಿರುತ್ತಿತ್ತು. ಈಗ ಖನಿಜದ ಎಳೆಗಳಿಂದ ಮಾಡಿದ ಹಾಸನ್ನು ಬಳಸುತ್ತಾರೆ. ಅದರ ಒಳಗಿರುವುದೇ ನಿಜವಾದ ಬಾಯ್ಲರು. ಅದು ಬಣ್ಣ ಕಾಣದ ದಪ್ಪ ಉಕ್ಕಿನ ಪಾತ್ರೆ. ಅದರ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾಯ್ದ ಕೊಳವೆಗಳ ಬಾಯಿಗಳು, ಒಲೆಯ ಗೋಡೆಗಳನ್ನು ಒಂದಕ್ಕೊಂದು ಬಿಗಿದ ನೂರಾರು ಮೊಳೆಗಳ ಸಾಲು, ಒಳಗಿನ ಕೊಳೆಯನ್ನು ತೊಳೆದು ಹೊರಹಾಕಲು ಇಟ್ಟ ಬಿರಡೆಗಳು ಕಾಣುತ್ತವೆ.

ಇದನ್ನು ತಿಳಿದುಕೊಂಡರೆ ಮಾದರಿಗೆ ಆಗುವ ಪ್ರಯೋಜನ ಸಣ್ಣದಲ್ಲ. ಬಾಯ್ಲರಿನ ಮುಂದೆ, ಹೊಗೆಕೊಳವೆಯ ಕೆಳಗೆ, ಉರಿದ ಅನಿಲಗಳು ಬಂದು ಸೇರುವ ಒಂದು ಕೋಣೆ ಇದೆ. ಅದನ್ನು ಹೊಗೆಪೆಟ್ಟಿಗೆ ಎನ್ನಬಹುದು. ಅದರೊಳಗೆ ನೀರಿಲ್ಲ, ಆದ್ದರಿಂದ ಅದಕ್ಕೆ ಮೆತ್ತೆಯೂ ಇಲ್ಲ, ತಗಡಿನ ಹೊದಿಕೆಯೂ ಇಲ್ಲ. ಬಿಸಿಯು ನೇರವಾಗಿ ಉಕ್ಕಿಗೆ ತಾಗಿ ಬಣ್ಣವು ಹೊಳಪು ಕಳೆದುಕೊಂಡು ಬೂದುಗಪ್ಪಿಗೆ ತಿರುಗುತ್ತದೆ. ಉಳಿದ ಬಾಯ್ಲರು ಹಸಿರೋ ಕೆಂಪೋ ಆಗಿ ಮಿನುಗುತ್ತಿರುವಾಗ ಮುಂಭಾಗ ಮಾತ್ರ ಮಂಕಾಗಿ ಕಾಣುವುದಕ್ಕೆ ಕಾರಣ ಇದೇ. ಹಾಗೆಯೇ ಹೊದಿಕೆಯ ತಗಡು ನಯವಾಗಿರುವುದರಿಂದ ಅದರ ಮೇಲೆ ರಿವೆಟ್ಟುಗಳು, ಅಂದರೆ ಎರಡು ತಗಡುಗಳನ್ನು ಬೆಸೆಯಲು ತಲೆ ಬಡಿದು ಕೂರಿಸಿದ ಮೊಳೆಗಳು, ಕಾಣುವುದಿಲ್ಲ. ಹೊಗೆಪೆಟ್ಟಿಗೆಯ ಮೇಲೆ, ನೀರಿನ ತೊಟ್ಟಿಯ ಮೇಲೆ ಕಾಣಬಹುದು. ಕಾರಣವನ್ನು ಅರಿತವನು ರಿವೆಟ್ಟು ಎಲ್ಲಿರಬೇಕು ಎಂಬುದನ್ನು ಛಾಯಾಚಿತ್ರವಿಲ್ಲದೆಯೂ ಬಹುಮಟ್ಟಿಗೆ ಹೇಳಬಲ್ಲ. ಅರಿಯದವನು ಎಲ್ಲ ಕಡೆಯೂ ಚುಕ್ಕಿ ಇಡುತ್ತಾನೆ. ಎರಡು ಸೆಂಟಿಮೀಟರ್ ಅಗಲದ ರಿವೆಟ್ಟಿನ ತಲೆ, 76ರಲ್ಲಿ ಒಂದು ಪಾಲಿಗೆ ಕುಗ್ಗಿದ ಮಾದರಿಯಲ್ಲಿ ಕಾಲು ಮಿಲಿಮೀಟರಿಗೆ ಇಳಿಯುತ್ತದೆ. ಮಾರಾಟಕ್ಕೆ ಬರುವ ಅನೇಕ ಮಾದರಿಗಳಲ್ಲಿ ಅದು ಇದರ ಎರಡರಷ್ಟು ದಪ್ಪವಿರುವುದರಿಂದ ಎಂಜಿನ್ನಿಗೆ ಸಿಡುಬು ಬಂದಂತೆ ಕಾಣುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ.

ಬಾಯ್ಲರಿನ ವಿಷಯದಲ್ಲಿ ಹೇಳಿದ್ದನ್ನು ಒಮ್ಮೆ ನೆನೆಯೋಣ. ಹೊರಗೆ ಕಾಣುವುದು ಹೊದಿಕೆ, ಕೆಲಸ ಮಾಡುವುದು ಒಳಗಿನ ಪಾತ್ರೆ, ಬಣ್ಣವೂ ರಿವೆಟ್ಟೂ ಈ ವ್ಯತ್ಯಾಸವನ್ನು ಅನುಸರಿಸುತ್ತವೆ. ಈಗ ಮಾದರಿಕಾರನಿಗೆ ಇನ್ನೂ ಹತ್ತಿರದ ನೆಂಟನೊಬ್ಬನ ಮಾತು ಬರುತ್ತದೆ. ಅವನು ಪಡಿಯಚ್ಚು ಕೆತ್ತುವ ಬಡಗಿ.

ಎಂಜಿನ್ನಿನ ಸಿಲಿಂಡರು, ಹೊಗೆಕೊಳವೆ, ಗಾಲಿಯ ನಡುಭಾಗ ಮುಂತಾದವನ್ನು ಕಬ್ಬಿಣ ಕರಗಿಸಿ ಎರಕ ಹುಯ್ದು ಮಾಡುತ್ತಾರೆ. ಎರಕ ಹುಯ್ಯಲು ಮರಳಿನಲ್ಲಿ ಪೊಳ್ಳು ಬೇಕು. ಆ ಪೊಳ್ಳನ್ನು ಮೂಡಿಸಲು, ಬೇಕಾದ ಭಾಗದ ಆಕಾರವನ್ನು ಮೊದಲು ಮರದಲ್ಲಿ ಕೆತ್ತಿ ಮರಳಿಗೆ ಒತ್ತಬೇಕು. ಆ ಮರದ ಆಕಾರವೇ ಪಡಿಯಚ್ಚು. ಬಾಸ್ಟನ್ ಲಾಡ್ಜ್‌ನಲ್ಲಿ 19ನೆಯ ಶತಮಾನದಲ್ಲಿ ಎರಕದ ಮನೆಯೂ ಇದ್ದಿತು. ಇಂಥ ಕಾರ್ಯಾಗಾರಗಳಲ್ಲಿ ಪಡಿಯಚ್ಚನ್ನು ಒಮ್ಮೆ ಬಳಸಿ ಎಸೆಯುವುದಿಲ್ಲ. ಮತ್ತೆ ಅದೇ ಭಾಗ ಒಡೆದರೆ ಬೇಕಾಗುವುದೆಂದು ದಶಕಗಟ್ಟಲೆ ಕಾಪಾಡಿಡುತ್ತಾರೆ.

ಪಡಿಯಚ್ಚು ಸ್ವತಃ ಒಂದು ಮಾದರಿ. ಆದರೆ ಅದು ಮೂಲಕ್ಕಿಂತ ಕೊಂಚ ದೊಡ್ಡದು. ಕರಗಿದ ಕಬ್ಬಿಣ ತಣಿಯುವಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುವುದರಿಂದ, ಒಂದು ಮೀಟರ್ ಉದ್ದದ ಭಾಗ ಬೇಕಾದರೆ ಪಡಿಯಚ್ಚು ಒಂದು ಸೆಂಟಿಮೀಟರಿನಷ್ಟು ಹೆಚ್ಚಿರಬೇಕು. ಇದಕ್ಕಾಗಿ ಬಡಗಿಯ ಬಳಿ ಬೇರೆಯೇ ಅಳತೆಪಟ್ಟಿ ಇರುತ್ತದೆ. ಅದರ ಮೇಲಿನ ಅಂಗುಲ ನಿಜವಾದ ಅಂಗುಲಕ್ಕಿಂತ ತುಸು ಉದ್ದ. ಅರಿಯದವನ ಕೈಗೆ ಸಿಕ್ಕರೆ ಮನೆಹಾಳು ಪಟ್ಟಿ ಅದು. ಅರಿತವನ ಕೈಯಲ್ಲಿ ಲೆಕ್ಕದ ತೊಡಕನ್ನೇ ತಪ್ಪಿಸುವ ಸಲಕರಣೆ. ಮನೆಯಲ್ಲಿ ಹಿತ್ತಾಳೆಯ ಸಣ್ಣ ಭಾಗಗಳನ್ನು ಮೇಣದಿಂದ ರೂಪಿಸಿ ಎರಕ ಹುಯ್ಯಿಸುವ ಮಾದರಿಕಾರನೂ ಇದೇ ಕುಗ್ಗುವಿಕೆಯ ಲೆಕ್ಕವನ್ನು ಹಾಕಬೇಕಾಗುತ್ತದೆ.

ಪಡಿಯಚ್ಚಿನಲ್ಲಿ ಇನ್ನೆರಡು ಸೂಕ್ಷ್ಮಗಳಿವೆ. ಮರಳಿನಿಂದ ಅದನ್ನು ಮೇಲಕ್ಕೆತ್ತುವಾಗ ಮರಳು ಕುಸಿಯದಂತೆ ಅದರ ಮಗ್ಗುಲುಗಳನ್ನು ನೆಟ್ಟಗೆ ಬಿಡದೆ ಒಂದಿಷ್ಟು ಓರೆಯಾಗಿ ಕೆತ್ತಿರುತ್ತಾರೆ. ಎರಡು ಮೈಗಳು ಕೂಡುವ ಒಳಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ತುಂಬಿರುತ್ತಾರೆ; ಚೂಪಾಗಿ ಬಿಟ್ಟರೆ ತಣಿಯುವ ಲೋಹ ಅಲ್ಲಿಯೇ ಬಿರಿಯುತ್ತದೆ. ಆದಕಾರಣ ಎರಕದ ಭಾಗಕ್ಕೆ ಮೂಲೆಗಳು ದುಂಡು, ತಗಡು ಕತ್ತರಿಸಿ ಮಾಡಿದ ಭಾಗಕ್ಕೆ ಅಂಚುಗಳು ಹರಿತ. ಅಲ್ಲದೆ ಎರಕದ ಮೈ ಮರಳಿನ ತರಿಯನ್ನು ಹೊತ್ತು ಒರಟಾಗಿರುತ್ತದೆ. ಅದೇ ತುಂಡಿನಲ್ಲಿ ಇನ್ನೊಂದು ಭಾಗ ಕೂಡಬೇಕಾದ ಕಡೆ ಮಾತ್ರ ಯಂತ್ರದಲ್ಲಿ ಹೆರೆದು ಕನ್ನಡಿಯಂತೆ ಮಾಡಿರುತ್ತಾರೆ. ಪಕ್ಕಪಕ್ಕದಲ್ಲಿರುವ ಈ ಒರಟು ಮತ್ತು ನಯಗಳನ್ನು ಕೈಬೆರಳಿನಷ್ಟು ಹತ್ತಿರದಿಂದ ಕಂಡವನು, ಮಾದರಿಯ ಸಿಲಿಂಡರಿಗೆ ಒಂದೇ ಡಬ್ಬಿಯ ಬಣ್ಣವನ್ನು ಒಂದೇ ಸಮನೆ ಬಳಿಯಲಾರ.

ಇಲ್ಲಿಯವರೆಗೆ ಬಾಯ್ಲರು ಮತ್ತು ಎರಕ, ಎಂದರೆ ಬಿಡಿಭಾಗಗಳ ಮಾತಾಯಿತು. ಇನ್ನು ಇಡೀ ಎಂಜಿನ್ನಿನ ರಚನೆಯತ್ತ ತಿರುಗಬೇಕು. ಫೆಸ್ಟಿನಿಯೋಗ್ ರೈಲಿಗೆ ಜಗತ್ಪ್ರಸಿದ್ಧಿ ತಂದದ್ದು ರಾಬರ್ಟ್ ಫೇರ್ಲಿ ಎಂಬ ಸ್ಕಾಟ್ಲೆಂಡಿನ ಎಂಜಿನಿಯರ್ 1864ರಲ್ಲಿ ಪೇಟೆಂಟ್ ಪಡೆದ ವಿಲಕ್ಷಣ ಎಂಜಿನ್.

ಅದನ್ನು ಕಣ್ಣಿಗೆ ಕಟ್ಟುವಂತೆ ಹೇಳುವುದು ತುಸು ಕಷ್ಟ. ಎರಡು ಉಗಿ ಎಂಜಿನ್‌ಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ನಿಲ್ಲಿಸಿದಂತೆ ಭಾವಿಸಬೇಕು. ಎರಡು ತುದಿಗಳಲ್ಲಿಯೂ ಒಂದೊಂದು ಹೊಗೆಕೊಳವೆ. ನಡುವೆ ಒಂದೇ ಚಾಲಕನ ಮನೆ. ಮೇಲಿನ ಬಾಯ್ಲರು ಒಂದೇ ಉದ್ದನೆಯ ಪಾತ್ರೆ. ಅದರ ನಟ್ಟನಡುವೆ ಒಲೆಗಳಿರುವುದರಿಂದ ಚಾಲಕನು ಒಲೆಯ ಈ ಮಗ್ಗುಲಿನಲ್ಲಿ, ಬೆಂಕಿಯಾಳು ಆ ಮಗ್ಗುಲಿನಲ್ಲಿ ನಿಲ್ಲಬೇಕು. ಕೆಳಗೆ ಎರಡು ಪ್ರತ್ಯೇಕ ಗಾಲಿಚೌಕಟ್ಟುಗಳಿವೆ. ಪ್ರತಿಯೊಂದಕ್ಕೂ ತನ್ನದೇ ಗಾಲಿಗಳು, ತನ್ನದೇ ಸಿಲಿಂಡರುಗಳು. ತಿರುವಿನಲ್ಲಿ ಮೇಲಿನ ಬಾಯ್ಲರು ನೇರವಾಗಿಯೇ ಇದ್ದು, ಕೆಳಗಿನ ಎರಡು ಚೌಕಟ್ಟುಗಳು ಮಾತ್ರ ಹಳಿಗೆ ತಕ್ಕಂತೆ ಬೇರೆಬೇರೆಯಾಗಿ ಹೊರಳುತ್ತವೆ. ಒಂದು ದೊಡ್ಡ ಎಂಜಿನ್ನಿನ ಬಲ, ಎರಡು ಸಣ್ಣ ಎಂಜಿನ್‌ಗಳ ಬಳುಕು. ಈ ಬಗೆಯ 'ಲಿಟಲ್ ವಂಡರ್' ಎಂಬ ಎಂಜಿನ್ 1869ರಲ್ಲಿ ಈ ರೈಲಿಗೆ ಬಂತು; ಮರುವರ್ಷ ನಡೆದ ಪರೀಕ್ಷೆಗಳನ್ನು ನೋಡಲು ರಷ್ಯದಿಂದಲೂ ತಜ್ಞರು ಬಂದಿದ್ದರು.

ಹಳಿಯ ಮೇಲೆ ನಿಂತ ಫೇರ್ಲಿ ಎಂಜಿನನ್ನು ಎಷ್ಟು ಹೊತ್ತು ನೋಡಿದರೂ ಒಂದು ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಉಗಿ ಹುಟ್ಟುವುದು ಅಲುಗದ ಬಾಯ್ಲರಿನಲ್ಲಿ. ಅದು ಕೆಲಸ ಮಾಡಬೇಕಾದದ್ದು ಹೊರಳುವ ಚೌಕಟ್ಟಿನ ಸಿಲಿಂಡರಿನಲ್ಲಿ. ನಡುವಿನ ಕೊಳವೆ ಮುರಿಯದೆ, ಸೋರದೆ ಹೇಗೆ ನಿಲ್ಲುತ್ತದೆ? ಬಾಯ್ಲರನ್ನು ಎತ್ತಿ ಪಕ್ಕಕ್ಕಿಟ್ಟಾಗ ಉತ್ತರ ದೊರೆಯುತ್ತದೆ. ಕೊಳವೆಯ ನಡುವೆ ಎಲ್ಲ ಕಡೆಗೂ ಹೊರಳಬಲ್ಲ ಗುಂಡು ಕೀಲುಗಳನ್ನೋ, ಒಂದರೊಳಗೊಂದು ಜಾರುವ ತುಂಡುಗಳನ್ನೋ ಇಟ್ಟಿರುತ್ತಾರೆ. ಫೇರ್ಲಿಯ ಕಲ್ಪನೆಯಲ್ಲಿ ಅತಿ ಹೆಚ್ಚು ತೊಂದರೆ ಕೊಟ್ಟ ಭಾಗವೂ ಇದೇ. ಮಾದರಿಕಾರನ ತೊಡಕೂ ಅದೇ ಜಾಗದಲ್ಲಿದೆ. ಅವನು ಉಗಿಯ ಬದಲು ವಿದ್ಯುತ್ತಿನ ತಂತಿಯನ್ನು ಹೊರಳುವ ಚೌಕಟ್ಟಿನ ಮೋಟಾರಿಗೆ ಒಯ್ಯಬೇಕು. ನಿಜವಾದ ಹಳಿಯಲ್ಲಿ ಅತಿ ಬಿಗಿಯಾದ ತಿರುವುಗಳ ತ್ರಿಜ್ಯ ಸುಮಾರು 40 ಮೀಟರ್. 76ರಲ್ಲಿ ಒಂದು ಪಾಲಿಗೆ ಇಳಿಸಿದರೆ ಅರ್ಧ ಮೀಟರಿಗಿಂತ ತುಸು ಹೆಚ್ಚು. ಮನೆಯ ಮೇಜಿನ ಮೇಲೆ ಅಷ್ಟು ಜಾಗ ಸಿಗದೆ ಮಾದರಿಕಾರರು ಅದರ ಅರ್ಧಕ್ಕೂ ಇಳಿಯುತ್ತಾರೆ. ಆಗ ಮಾದರಿಯ ಚೌಕಟ್ಟು ಮೂಲಕ್ಕಿಂತ ಎರಡರಷ್ಟು ಹೊರಳಬೇಕಾಗಿ, ಸಿಲಿಂಡರು ಮೇಲಿನ ನೀರಿನ ತೊಟ್ಟಿಗೆ ತಗಲುತ್ತದೆ. ಎಲ್ಲಿ ಎಷ್ಟು ಎಡೆ ಬಿಡಬಹುದು, ಎಲ್ಲಿ ಬಿಟ್ಟರೂ ಕಣ್ಣಿಗೆ ಬೀಳದು ಎಂಬುದನ್ನು ಬಿಚ್ಚಿಟ್ಟ ಚೌಕಟ್ಟಿನ ಮುಂದೆ ನಿಂತು ಅಳೆದುಕೊಂಡವನಿಗೆ ಅರ್ಧ ಕೆಲಸ ಮುಗಿದಂತೆ.

ಬಾಸ್ಟನ್ ಲಾಡ್ಜ್ ಇಂಥ ಎಂಜಿನ್‌ಗಳನ್ನು ಬರಿದೆ ದುರಸ್ತಿ ಮಾಡಿ ಸುಮ್ಮನಾಗಲಿಲ್ಲ, ತಾನೇ ಕಟ್ಟಿತು. 'ಮೆರ್ದಿನ್ ಎಮ್ರಿಸ್' 1879ರಲ್ಲಿ, 'ಲಿವಿಂಗ್‌ಸ್ಟನ್ ಥಾಂಪ್ಸನ್' 1886ರಲ್ಲಿ ಅಲ್ಲಿ ಸಿದ್ಧವಾದವು. ನೂರು ವರ್ಷಗಳ ತರುವಾಯವೂ ಆ ಕೈಚಳಕ ತಪ್ಪಲಿಲ್ಲ. 1979ರಲ್ಲಿ, 1992ರಲ್ಲಿ ಮತ್ತೆ ಫೇರ್ಲಿ ಎಂಜಿನ್‌ಗಳು ಹುಟ್ಟಿದವು. ತೀರ ಈಚೆಗೆ, 2023ರಲ್ಲಿ, 'ಜೇಮ್ಸ್ ಸ್ಪೂನರ್' ಎಂಬ ಇನ್ನೊಂದು ಓಡತೊಡಗಿತು.

ಈ ಹೆಸರುಗಳಲ್ಲಿ ಮೊದಲ ಎರಡು ಭಾಷಣದ ಮುಖ್ಯ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಇಲ್ಲಿಯವರೆಗೆ ಕಂಡದ್ದು ಎಂಜಿನ್ನಿನ ಒಳರಚನೆ. ಈಗ ನೋಡಬೇಕಾದದ್ದು ಕಾಲ ಅದರ ಮೇಲೆ ಮಾಡುವ ಕೆಲಸ. 'ಲಿವಿಂಗ್‌ಸ್ಟನ್ ಥಾಂಪ್ಸನ್' ಇಂದು ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಸೇರಿದೆ. 'ಮೆರ್ದಿನ್ ಎಮ್ರಿಸ್' ಇನ್ನೂ ಹಳಿಯ ಮೇಲಿದೆ. ಒಂದೇ ಮನೆಯಲ್ಲಿ, ಏಳು ವರ್ಷಗಳ ಅಂತರದಲ್ಲಿ ಹುಟ್ಟಿದ ಇವುಗಳಲ್ಲಿ ಒಂದಕ್ಕೆ ಕಾಲ ನಿಂತುಹೋಗಿದೆ, ಇನ್ನೊಂದಕ್ಕೆ ನಿಂತಿಲ್ಲ. ಸಂಗ್ರಹಾಲಯದ್ದನ್ನು ಸಾವಕಾಶವಾಗಿ ಅಳೆಯಬಹುದು, ಅದು ನಾಳೆಯೂ ಹಾಗೆಯೇ ಇರುತ್ತದೆ. ದುಡಿಯುವ ಎಂಜಿನ್ ಹಾಗಲ್ಲ. ಅದರ ಬಾಯ್ಲರು ಬದಲಾಗಿದೆ, ಇತರ ಎಷ್ಟೋ ಭಾಗಗಳು ಬದಲಾಗಿವೆ. 1970ರ ದಶಕದಿಂದ ಈ ರೈಲಿನ ಎಂಜಿನ್‌ಗಳು ಎಣ್ಣೆ ಉರಿಸುವಂತೆ ಮಾರ್ಪಟ್ಟು, ಈ ಶತಮಾನದಲ್ಲಿ ಮತ್ತೆ ಕಲ್ಲಿದ್ದಲಿಗೆ ಮರಳಿದವು. ಇನ್ನೂ ಹಿಂದಕ್ಕೆ ಹೋದರೆ, 1863ರಲ್ಲಿ ಬಂದ ಮೊದಲ ಎಂಜಿನ್‌ಗಳಲ್ಲಿ ಚಾಲಕನ ತಲೆಯ ಮೇಲೆ ಸೂರೇ ಇರಲಿಲ್ಲ. ವೇಲ್ಸಿನ ಮಳೆಯಲ್ಲಿ ಅವನು ನೆನೆಯುತ್ತಲೇ ಓಡಿಸಬೇಕಿತ್ತು. ಸೂರು ಬಂದದ್ದು ಆಮೇಲೆ.

ಹೀಗಿರುವಾಗ ಒಂದು ಎಂಜಿನ್ನಿನ ಮಾದರಿ ಎಂದರೆ ಅರ್ಥವಿಲ್ಲ, ಇಂಥ ವರ್ಷದ ಆ ಎಂಜಿನ್ನಿನ ಮಾದರಿ ಎನ್ನಬೇಕು. 1879ರ ಹೊಗೆಕೊಳವೆಗೆ 1975ರ ಎಣ್ಣೆತೊಟ್ಟಿಯನ್ನು ಜೋಡಿಸಿದರೆ ಪ್ರತಿಯೊಂದು ಭಾಗವೂ ಸರಿಯಾಗಿದ್ದು ಒಟ್ಟು ಸುಳ್ಳಾಗುತ್ತದೆ. ಈ ಎಚ್ಚರವನ್ನು ಕಲಿಸುವುದರಲ್ಲಿ ಕಾರ್ಯಾಗಾರಕ್ಕೆ ಸಮನಾದದ್ದು ಬೇರೊಂದಿಲ್ಲ. ಅಲ್ಲಿ ಹಳೆಯ ಭಾಗ ತೆಗೆದ ಗುರುತು, ಮುಚ್ಚಿದ ತೂತು, ಒಂದು ಎಂಜಿನ್ನಿನಿಂದ ಇನ್ನೊಂದಕ್ಕೆ ಹೋದ ಚೌಕಟ್ಟು ಎಲ್ಲವೂ ಬಯಲಾಗಿರುತ್ತವೆ. ಕೊಳೆಯೂ ಅಲ್ಲಿ ಅರ್ಥ ಕೊಡುತ್ತದೆ. ಎಣ್ಣೆ ಜಿನುಗಿದ ಕಡೆ ಧೂಳು ಅಂಟಿ ಕಪ್ಪಗೆ ಗಟ್ಟಿಯಾಗಿರುತ್ತದೆ. ಬಾಯ್ಲರಿನ ಬಿರಡೆಯಿಂದ ಸೋರಿದ ನೀರು ಒಣಗಿದ ಕಡೆ ಬೆಳ್ಳಗೆ ಗೆರೆ ಇಳಿದಿರುತ್ತದೆ. ಗಾಲಿಯ ಅಂಚಿನಲ್ಲಿ ಹಳಿ ಉಜ್ಜುವ ಪಟ್ಟೆ ಮಾತ್ರ ಬೆಳ್ಳಿಯಂತೆ ಹೊಳೆದು ಉಳಿದದ್ದು ಕಂದಾಗಿರುತ್ತದೆ. ಮಾದರಿಗೆ ಹಳಮೆಯ ಕಳೆ ಕೊಡಲು ಮೇಲಿಂದ ಕೆಳಗೆ ಒಂದೇ ಸಮ ಕಂದುಬಣ್ಣ ಸಿಂಪಡಿಸುವ ಚಾಳಿ ಹವ್ಯಾಸಿಗಳಲ್ಲಿ ಬಹಳ. ನಿಜವಾದ ಎಂಜಿನ್ ಹಾಗೆ ಕೊಳೆಯಾಗುವುದಿಲ್ಲ.

ಇನ್ನು ಅಳತೆಯ ಮಾತು. ಇದುವರೆಗಿನದು ರಚನೆ ಮತ್ತು ಕಾಲಕ್ಕೆ ಸೇರಿದ್ದು. ಇದು ಲೆಕ್ಕಕ್ಕೆ ಸೇರಿದ್ದು. ಎರಡು ಹಳಿಗಳ ಒಳ ಅಂಚುಗಳ ನಡುವಿನ ಅಗಲವನ್ನು ಗೇಜ್ ಎನ್ನುತ್ತಾರೆ. ಫೆಸ್ಟಿನಿಯೋಗ್ ರೈಲಿನ ಗೇಜು ಎರಡಡಿಗೆ ಅರ್ಧ ಅಂಗುಲ ಕಡಿಮೆ, ಅಂದರೆ ಸುಮಾರು 60 ಸೆಂಟಿಮೀಟರ್. 76ರಲ್ಲಿ ಒಂದು ಪಾಲಿಗೆ ಇಳಿಸಿದರೆ ಎಂಟು ಮಿಲಿಮೀಟರಿಗೂ ತುಸು ಕಡಿಮೆ ಬರಬೇಕು. ಆದರೆ ಬ್ರಿಟನ್ನಿನ ಮಾದರಿಕಾರರು ಬಳಸುವುದು ಒಂಬತ್ತು ಮಿಲಿಮೀಟರಿನ ಹಳಿ. ಕಾರಣ ಸರಳ: ದೊಡ್ಡ ರೈಲುಗಳನ್ನು ಇನ್ನೂ ಸಣ್ಣ ಪ್ರಮಾಣದಲ್ಲಿ ತೋರಿಸಲೆಂದು ತಯಾರಾಗುವ ಒಂಬತ್ತು ಮಿಲಿಮೀಟರಿನ ಹಳಿಯೂ ಮೋಟಾರೂ ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತವೆ. ಒಂದು ಮಿಲಿಮೀಟರಿನ ಈ ಹೆಚ್ಚಳ ಹಳಿಯಲ್ಲಿ ಕಾಣದಿದ್ದರೂ ಎಂಜಿನ್ನಿನಲ್ಲಿ ಕಾಣುತ್ತದೆ. ಗಾಲಿಗಳು ಎರಡು ಕಡೆಗೂ ಅರ್ಧರ್ಧ ಮಿಲಿಮೀಟರ್ ಹೊರಕ್ಕೆ ಸರಿದು, ಅವುಗಳ ಹೊರಗಿರುವ ಸರಳುಗಳೂ ಸಿಲಿಂಡರುಗಳೂ ಅಷ್ಟೇ ಹೊರಕ್ಕೆ ದೂಡಲ್ಪಡುತ್ತವೆ. ಅಡಿಗೆ 16 ಮಿಲಿಮೀಟರಿನ ದೊಡ್ಡ ಪ್ರಮಾಣವನ್ನು ಹಿಡಿದು 32 ಮಿಲಿಮೀಟರಿನ ಹಳಿಯ ಮೇಲೆ ಓಡಿಸುವವರಿಗೆ ಈ ತೊಂದರೆ ಬಹುತೇಕ ಇಲ್ಲ. ಅಲ್ಲಿ ಮಾದರಿಯೂ ನಿಜವಾದ ಉಗಿಯಿಂದಲೇ ಓಡಬಹುದು; ಆದರೆ ಅದಕ್ಕೆ ಮೇಜು ಸಾಲದು, ಹಿತ್ತಲೇ ಬೇಕು.

ಈ ಎರಡಡಿಯ ಹಳಿಯ ಸಂತತಿ ಭಾರತದವರೆಗೂ ಹರಡಿತು. ಕಿರಿದಾದ ಹಳಿಯ ಮೇಲೆಯೂ ಉಗಿಯಿಂದ ಗಂಭೀರವಾದ ಸಾರಿಗೆ ನಡೆಯುತ್ತದೆಂದು ವೇಲ್ಸಿನಲ್ಲಿ ಸಾಬೀತಾದ ಮೇಲೆ 1881ರಲ್ಲಿ ಡಾರ್ಜಿಲಿಂಗ್, 1907ರಲ್ಲಿ ಮಾಥೇರಾನ್ ಗುಡ್ಡಗಳಿಗೆ ಅದೇ ಅಳತೆಯ ರೈಲುಗಳು ಹತ್ತಿದವು. ಡಾರ್ಜಿಲಿಂಗ್ ರೈಲಿಗೆ ದಾರಿಯ ನಡುವಿನ ತಿಂಧಾರಿಯಾದಲ್ಲಿ ತನ್ನದೇ ಕಾರ್ಯಾಗಾರವಿದ್ದು, ಅಲ್ಲಿ ದುರಸ್ತಿಯ ಜೊತೆಗೆ ಕೆಲವು ಎಂಜಿನ್‌ಗಳನ್ನೂ ಕಟ್ಟಿದ್ದರು. ಮಲೆನಾಡಿನ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲಕ್ಕೆ ಓಡುತ್ತಿದ್ದ ಪುಟ್ಟ ರೈಲಿನ ಹಳಿಯೂ ಎರಡಡಿಯದೇ. ನೀಲಗಿರಿಯ ಹಲ್ಲುಹಳಿ ರೈಲು ಬೇರೆ ಅಳತೆಯದಾದರೂ, ಅದಕ್ಕಾಗಿ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರವು 2011ರಿಂದೀಚೆಗೆ ಹೊಸ ಉಗಿ ಎಂಜಿನ್‌ಗಳನ್ನು ಕಟ್ಟಿರುವುದು ಇಲ್ಲಿ ನೆನೆಯತಕ್ಕ ಸಂಗತಿ. ಉಗಿ ಎಂಜಿನ್ ಕಟ್ಟುವ ವಿದ್ಯೆ ನಮ್ಮ ನೆರೆಯಲ್ಲಿಯೇ ಜೀವಂತವಾಗಿದೆ ಎಂದಾಯಿತು.

ಕಾರ್ಯಾಗಾರಕ್ಕೆ ಹೋಗುವ ರೀತಿಯ ಬಗ್ಗೆ ನಾಲ್ಕು ಮಾತು. ಅದು ದುಡಿಯುವ ಸ್ಥಳವಾದ್ದರಿಂದ ಹೊತ್ತಲ್ಲದ ಹೊತ್ತಿನಲ್ಲಿ ನುಗ್ಗುವಂತಿಲ್ಲ. ಬಾಸ್ಟನ್ ಲಾಡ್ಜನ್ನು ಸಹ ಮಾರ್ಗದರ್ಶಕರ ಜೊತೆಯಲ್ಲಿಯೇ ನೋಡಬೇಕು. ಗಟ್ಟಿ ಅಟ್ಟೆಯ ಬೂಟು ಬೇಕು. ತಲೆಯ ಮೇಲೆ ತೂಗುವ ಭಾರದ ಕೆಳಗೆ ನಿಲ್ಲಬಾರದು. ಫೋಟೊ ತೆಗೆಯುವಾಗ ಭಾಗದ ಎದುರಿಗೆ ನೇರವಾಗಿ ನಿಂತು, ಚೌಕಟ್ಟಿನೊಳಗೆ ಒಂದು ಅಳತೆಪಟ್ಟಿ ಬರುವಂತೆ ನೋಡಿಕೊಂಡರೆ ಮನೆಗೆ ಬಂದ ಮೇಲೆ ಉಳಿದ ಅಳತೆಗಳನ್ನೆಲ್ಲ ಚಿತ್ರದಿಂದಲೇ ಎಣಿಸಬಹುದು. ಓರೆಯಾಗಿ ತೆಗೆದ ಸೊಗಸಾದ ಚಿತ್ರ ಗೋಡೆಗೆ ತೂಗುಹಾಕಲು ಸರಿ, ಮಾದರಿಗೆ ಉಪಯೋಗವಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿಯ ಫಿಟ್ಟರನನ್ನೋ ಬೆಸುಗೆಯವನನ್ನೋ ಅವನ ಬಿಡುವು ನೋಡಿ ಮಾತನಾಡಿಸಬೇಕು. ಇದು ಏನು ಎಂದು ಕೇಳುವುದಕ್ಕಿಂತ, ಇದು ಎಲ್ಲಿ ಮೊದಲು ಸವೆಯುತ್ತದೆ ಎಂದು ಕೇಳುವುದು ಮೇಲು. ಆ ಪ್ರಶ್ನೆಗೆ ಬರುವ ಉತ್ತರ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ.

ಕರ್ನಾಟಕದ ಕೇಳುಗರಿಗೆ ವೇಲ್ಸ್ ದೂರ. ಮೈಸೂರು ದೂರವಲ್ಲ. 1979ರಲ್ಲಿ ತೆರೆದ ಅಲ್ಲಿಯ ರೈಲು ವಸ್ತುಸಂಗ್ರಹಾಲಯದಲ್ಲಿ ಇಂಗ್ಲೆಂಡಿನ ಬ್ಯಾಗ್‌ನಲ್ ಕಂಪನಿ ಕಟ್ಟಿದ ಇ.ಎಸ್. ವರ್ಗದ ಎಂಜಿನ್, ಮಹಾರಾಣಿಯವರ ಸಲೂನು ಬಂಡಿ ಮುಂತಾದವು ಇವೆ. ಕಾರ್ಯಾಗಾರದಲ್ಲಿ ಕಲಿಯಬೇಕಾದುದರಲ್ಲಿ ಅರ್ಧದಷ್ಟನ್ನಾದರೂ ಅಲ್ಲಿ ಕಲಿಯಬಹುದು. ಹೊದಿಕೆ ಯಾವುದು, ಎರಕ ಯಾವುದು, ಮುಚ್ಚಿದ ತೂತು ಯಾವುದು ಎಂದು ಹುಡುಕುತ್ತ ಸುತ್ತಿದರೆ ಸಾಕು. ಮೈಸೂರು ಸಂಸ್ಥಾನದ ಮೀಟರ್ ಗೇಜ್ ರೈಲುಗಳನ್ನು ಮಾದರಿಯಾಗಿಸುವವರಿಗೆ ಲೆಕ್ಕವೂ ಅನುಕೂಲವಾಗಿದೆ. ಒಂದು ಮೀಟರಿನ ಹಳಿ 87ರಲ್ಲಿ ಒಂದು ಪಾಲಿಗೆ ಇಳಿದಾಗ ಹನ್ನೊಂದೂವರೆ ಮಿಲಿಮೀಟರ್ ಆಗುತ್ತದೆ. ಸ್ವಿಟ್ಜರ್ಲೆಂಡಿನ ಮೀಟರ್ ಗೇಜ್ ರೈಲುಗಳ ಮಾದರಿಗಳಿಗೆಂದು ಯುರೋಪಿನಲ್ಲಿ ಮಾರುವ ಹನ್ನೆರಡು ಮಿಲಿಮೀಟರಿನ ಹಳಿ ಅದಕ್ಕೆ ಚೆನ್ನಾಗಿ ಹೊಂದುತ್ತದೆ.

ಮಳೆ ಬಿಸಿಲಿಗೆ ಒಡ್ಡಿ ನಿಲ್ಲಿಸಿದ ಹಳೆಯ ಎಂಜಿನ್‌ಗಳು ನಾಡಿನ ಊರೂರುಗಳಲ್ಲಿ ಕಾಣಸಿಗುತ್ತವೆ. ಹೊದಿಕೆಯ ತಗಡು ತುಕ್ಕು ಹಿಡಿದು ಕಿತ್ತುಹೋದ ಕಡೆ ಒಳಗಿನ ಬಾಯ್ಲರು ತಾನಾಗಿಯೇ ಹೊರಗೆ ಇಣುಕುತ್ತಿರುತ್ತದೆ. ಬಿಡುವಿರುವ ಕೇಳುಗರು ಅಂಥದೊಂದನ್ನು ಆರಿಸಿಕೊಂಡು, ಅಳತೆಪಟ್ಟಿ ಮತ್ತು ನೋಟ್‌ಬುಕ್ಕಿನೊಡನೆ ಹೋಗಿ, ಅದರ ಉದ್ದ ಅಗಲಗಳನ್ನೂ ಗಾಲಿಗಳ ಅಂತರವನ್ನೂ ಬರೆದಿಟ್ಟುಕೊಳ್ಳುವಂತಾಗಲಿ. ಹೋಗುವ ಮುನ್ನ ಅಲ್ಲಿಯ ಅಧಿಕಾರಿಗಳ ಅನುಮತಿಯನ್ನು ಮರೆಯದೆ ಪಡೆಯಲಿ.